ವಕೀಲರಿಗೆ ಕೆಮ್ಮು

“ಬಾಯಿ ಬಿಡಿ ಮಾವ.”

“ಬಿಡೋಕೆ ಒಳಗೇನೂ ಇಲ್ವಲ್ಲಮ್ಮ.”

“ಮೊದಲು ಬಿಡಿ.”

ನಿವೃತ್ತ ಬಸ್ ಕಂಡಕ್ಟರ್ ಬಾಯಿ ತೆರೆದರು. ಸೊಸೆ ಮೂಗನ್ನು ಹತ್ತಿರ ತಂದಳು.

“ಪೆಪ್ಪರ್‌ಮಿಂಟ್!” ಎಂದಳು, ಕಳ್ಳಮಾಲು ಸಿಕ್ಕವಳಂತೆ. “ಯಾವ ವಾಸನೆ ಮುಚ್ಚೋಕೆ?”

“ವಯಸ್ಸಿಂದು.”

ಅವರ ಮಗ ಪತ್ರಿಕೆಯನ್ನು ಇನ್ನಷ್ಟು ಎತ್ತರಕ್ಕೆ ಹಿಡಿದ. ಹೆಂಡತಿಗೂ ಅಪ್ಪನಿಗೂ ಜಟಾಪಟಿಯಾದಾಗಲೆಲ್ಲ ಅವನಿಗೆ ಹವಾಮಾನ ವರದಿ ಬಹಳ ರುಚಿಸುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ವಕೀಲರು. ವಕೀಲರು ಎಂದರೆ ಈ ಕಂಡಕ್ಟರ್ ತಾತನ ಗಿಳಿ. ಹಸಿರು ಕೋಟು, ಕೆಂಪು ಮೂಗು, ಕೇಳಿದ್ದನ್ನೆಲ್ಲ ಯಾರ ದನಿಯಲ್ಲಿ ಬೇಕಾದರೂ ಮಂಡಿಸುವ ಚಾಳಿ. ತಾತನ “ರೈಟ್ ರೈಟ್”, ಕೆಳಗಿನ ಸಿಗ್ನಲ್ಲಿನಲ್ಲಿ ನಿಂತ ಲಾರಿಗಳ ಗುರುಗುರು, ಸೊಸೆಯ “ರೀ...” ಎಲ್ಲವೂ ಉಚಿತ ಸೇವೆ. ಆ “ರೀ” ಕೇಳಿದರೆ ನಿಜವಾದ ಗಂಡ ಹಾಸಿಗೆಯಿಂದ ದಡಕ್ಕನೆ ಎದ್ದು ನಿಲ್ಲುತ್ತಿದ್ದ.

ಈಚೆಗೆ ವಕೀಲರಿಗೆ ಕೆಮ್ಮು ಶುರುವಾಗಿತ್ತು. ಗಂಟಲು ಬಿಚ್ಚಿದ ಕೆಮ್ಮಲ್ಲ, ಅದುಮಿಟ್ಟು ಕದ್ದು ಕೆಮ್ಮುವ ಕೆಮ್ಮು. ಕೊನೆಗೊಂದು ಸಣ್ಣ ‘ಸುಂಯ್’.

ಬೆಳಿಗ್ಗೆ ಮಾವ, ಸೊಸೆ ಇಬ್ಬರೂ ಸೇರಿ ಪ್ರಾಣಿವೈದ್ಯೆಯ ಬಳಿಗೆ ಒಯ್ದರು. ಆಕೆ ಸ್ಟೆತಾಸ್ಕೋಪ್ ಇಟ್ಟಳು. ವಕೀಲರು “ರೈಟ್ ರೈಟ್” ಎಂದರು.

“ಎದೆ ಚೆನ್ನಾಗೇ ಇದೆ. ಇದು ಬಂದ ಕೆಮ್ಮಲ್ಲ, ಕಲಿತ ಕೆಮ್ಮು,” ಎಂದಳು ವೈದ್ಯೆ. “ಪಂಜರ ಎಲ್ಲಿಟ್ಟಿದ್ದೀರಿ?”

“ಮಗಳ ರೂಮಲ್ಲಿ, ರಸ್ತೆ ಕಡೆ ಕಿಟಕಿಗೆ. ಇಬ್ರೂ ಜೀವದ ಗೆಳೆಯರು,” ಎಂದಳು ಸೊಸೆ. “ಕೆಳಗೇ ಸಿಗ್ನಲ್ಲು.”

“ಅಯ್ಯೋ, ಆ ಹೊಗೇಲಾ? ಪುಟ್ಟ ಎದೆ ಇದು, ಬಿರಬಿರನೆ ಉಸಿರಾಡುತ್ತೆ. ನಮಗಿಂತ ಮೊದಲು ಇದಕ್ಕೇ ತಾಗೋದು. ಇವತ್ತೇ ಜಾಗ ಬದಲಾಯಿಸಿ.”

ಮನೆಗೆ ಬಂದವರೇ ಬದಲಾಯಿಸಿದರು. ವಕೀಲರು ಹಿಂದಿನ ಬಾಲ್ಕನಿಯ ತಂಗಾಳಿಗೆ ವರ್ಗವಾದರು. ಪಂಜರ ತೆಗೆದ ಕಿಟಕಿಯಂಚನ್ನು ಸೊಸೆ ಒರೆಸಿದಳು. ಬೆರಳು ಕಪ್ಪಾಯಿತು. ಕಣ್ಣು ಕಿರಿದಾಯಿತು. ಕಲಿತ ಕೆಮ್ಮು ಅಂದರೆ ಕಲಿಸಿದವರೂ ಇರಬೇಕಲ್ಲ? ಆ ಮನೆಯಲ್ಲಿ ಸಿಗರೇಟಿನ ಪೂರ್ವಾಶ್ರಮವಿದ್ದದ್ದು ಒಬ್ಬರಿಗೇ.

ಅದಕ್ಕೇ ಸಂಜೆ ಈ ಮೂಸುವ ತನಿಖೆ.

“ಕಿಟಕೀಲಿ ಬೂದಿ ಸಿಕ್ತು,” ಎಂದಳು ಸೊಸೆ. “ಮಗು ಸ್ಕೂಲಿಗೆ ಹೋದ್ಮೇಲೆ ಅಲ್ಲಿ ನಿಂತು ಸೇದ್ತೀರಿ.”

“ಅದು ಲಾರಿ ಸೇದಿ ಬಿಟ್ಟಿದ್ದಮ್ಮ. ನಾನು ಈ ಮಗು ಹುಟ್ಟಿದ ದಿನ ಬಿಟ್ಟವನು, ಮತ್ತೆ ಮುಟ್ಟಿಲ್ಲ.”

“ಭಾನುವಾರ ಅವಳ ಓಟ. ಕೆಮ್ತಾರೆ ಅಂತ ಆಗ್ಲೇ ಇಬ್ಬರನ್ನ ಟೀಚರ್ ತಂಡದಿಂದ ತೆಗೆದಿದ್ದಾರೆ. ನಿಮ್ಮ ಹೊಗೆ ಇವಳಿಗೂ ತಾಗಿದ್ರೆ ಏನ್ ಗತಿ?”

ಮೊಮ್ಮಗಳು ಓಟದ ಬೂಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. “ತಾತ ಸೇದಿಲ್ಲಮ್ಮ. ನಂಗೊತ್ತು.”

“ನಿಂಗೆ ಹೇಗೆ ಗೊತ್ತು?”

ಹುಡುಗಿ ಬಾಯಿಗೆ ಅಂಗೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು. ಒಳಗೆ ನಲ್ಲಿ ಭರ್ರನೆ ಸುರಿಯಿತು.

“ನೋಡಿ, ಮಗೂನ ಅಳಿಸಿದಿರಿ,” ಎಂದಳು ಸೊಸೆ.

ತಾತ ಅಟ್ಟದಿಂದ ಪೆಟ್ಟಿಗೆ ಇಳಿಸಿದರು. “ಟಿಕೆಟ್ ಇಲ್ದೆ ಯಾರನ್ನೂ ಬಸ್ಸಲ್ಲಿ ಕೂರಿಸಿದವನಲ್ಲ ನಾನು. ನಂಬಿಕೆ ಇಲ್ದಿರೋ ಮನೇಲಿ ನಾನೂ ಕೂರಲ್ಲ. ಮಗಳ ಮನೆಗೆ ಹೊರಟೆ.”

ಮುನಿಸಿಕೊಂಡು ಹೊರಟರೆ ತಾತ ಸುಲಭಕ್ಕೆ ತಿರುಗಿ ಬರುವ ಗಿರಾಕಿಯಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಹವಾಮಾನ ವರದಿ ಕೂಡ ಕೆಳಗಿಳಿಯಿತು.

“ಅಪ್ಪ, ಒಂದ್ಸಲ ಹೂಂ ಅಂದ್ಬಿಡು. ಮುಗಿದುಹೋಗುತ್ತೆ.”

“ಮಾಡದೇ ಇರೋದಕ್ಕಾ? ನಿನ್ನ ಹಾಗೆ ಎಲ್ಲದಕ್ಕೂ ಹೂಂ ಅನ್ನೋ ಅಭ್ಯಾಸ ನಂಗಿಲ್ಲಪ್ಪ.”

ಟ್ಯಾಕ್ಸಿ ಬಂದು ಹಾರನ್ ಹೊಡೆಯಿತು. ಮೊಮ್ಮಗಳು ಒದ್ದೆ ಮುಖದಲ್ಲೇ ಬಂದು ತಾತನ ತೋಳಿಗೆ ಜೋತುಬಿದ್ದಳು.

“ಭಾನುವಾರದವರೆಗೆ ಮಾತ್ರ ಅಲ್ಲಿರು ತಾತ. ಆಮೇಲೆ ನಾನೇ ಬಂದು ಕರ್ಕೊಂಡ್ ಬರ್ತೀನಿ. ಅಮ್ಮ ಏನೂ ಅನ್ನಲ್ಲ, ಪ್ರಾಮಿಸ್.”

“ನಿಮ್ಮಮ್ಮನ ಪರವಾಗಿ ಪ್ರಾಮಿಸ್ ಮಾಡೋ ಧೈರ್ಯ ನಿಮ್ಮಪ್ಪಂಗೂ ಇಲ್ಲ ಕಣೆ,” ಎಂದರು ತಾತ. ನಗಲು ಹೋದರು, ಆಗಲಿಲ್ಲ.

ಬಾಲ್ಕನಿಯಿಂದ ಪಂಜರ ತಂದರು. ದಾರಿಯಲ್ಲಿ ಹಕ್ಕಿ ಗಾಬರಿಯಾಗದಿರಲೆಂದು ಅದರ ಮೇಲೆ ಶಾಲು ಹೊದಿಸಹೋದರು.

“ಬೇಡ ತಾತ! ಮುಚ್ಬೇಡ!” ಹುಡುಗಿ ಶಾಲಿಗೆ ಕೈ ಹಾಕಿದಳು.

ಅಷ್ಟರಲ್ಲಿ ಶಾಲು ಬಿದ್ದಾಗಿತ್ತು. ಕತ್ತಲಾದರೆ ವಕೀಲರ ಪಾಲಿಗೆ ಮಲಗುವ ಹೊತ್ತು. ಒಳಗೆ ರೆಕ್ಕೆ ಸರಿಪಡಿಸಿಕೊಂಡ ಸದ್ದಾಯಿತು. ಆಮೇಲೆ ಕೆಮ್ಮು, ಕೆಮ್ಮಿನ ಮೇಲೆ ಕೆಮ್ಮು, ಉದ್ದನೆಯದೊಂದು ‘ಸುಂಯ್’.

“ಕೇಳಿಸ್ತಾ ಮಾವ?” ಎಂದಳು ಸೊಸೆ, ಗೆದ್ದವಳಂತೆ. “ಯಾರ ರಾಗ ಇದು?”

ಶಾಲಿನೊಳಗಿಂದ, ಏದುಸಿರಿನ ನಡುವೆ, ಮೊಮ್ಮಗಳ ದನಿಯಲ್ಲಿ ವಕೀಲರು ಪಿಸುಗುಟ್ಟಿದರು: “ಅಮ್ಮಂಗೆ ಹೇಳ್ಬೇಡ, ಆಯ್ತಾ?”