ಮಾರದ ಹೋತ

ಈಗಲೂ ಎಲ್ಲಾದರೂ ಹೋತದ ಗಾಟು ವಾಸನೆ ಮೂಗಿಗೆ ಬಡಿದರೆ ನಮ್ಮೂರು ಬೊಬ್ರುವಾಡದ ಆ ಮಧ್ಯಾಹ್ನ ನೆನಪಾಗುತ್ತದೆ. ಕಾರವಾರದಿಂದ ಟೆಂಪೊ ತಂದಿದ್ದ ವ್ಯಾಪಾರಿ ನಮ್ಮ ಆಡುಗಳನ್ನೆಲ್ಲ ನೋಡಿ, ಎಲ್ಲಕ್ಕಿಂತ ಗಟ್ಟಿಮುಟ್ಟಾದ ಎಳೆಯ ಹೋತದ ಬೆನ್ನು ತಟ್ಟಿದ. ಅಪ್ಪ ಹಗ್ಗ ಬಿಚ್ಚಲು ಬಗ್ಗಿದ. ಅವ್ವ ಅದರ ಒರಟು ಕತ್ತನ್ನು ತಬ್ಬಿ ನಿಂತಳು.

“ಇದ ಕೊಡುದಿಲ್ಲ. ಚಲೋದೆಲ್ಲ ಮಾರಿದ್ರೆ ಕೊಟ್ಟಿಗೇಲಿ ಬಡಕಲೇ ಹುಟ್ತದೆ.”

“ಹಾಗಾರೆ ಯಾವುದೂ ಬ್ಯಾಡ ಅಕ್ಕ,” ಎಂದು ಅವನು ಖಾಲಿ ಟೆಂಪೊ ತಿರುಗಿಸಿದ. ಅಪ್ಪ ಸಿಟ್ಟಿನಲ್ಲಿ ಗದ್ದೆಯ ಕಡೆ ನಡೆದ. ಅವ್ವ ಹೋತಕ್ಕೆ ಹಲಸಿನ ಸೊಪ್ಪು ಕಟ್ಟಿದಳು.

ಮರುವರ್ಷ ಅಂಗಳದ ತುಂಬ ಅದರದೇ ಮೈಕಟ್ಟಿನ ಮರಿಗಳು ಕುಣಿದವು. ಅದೇ ತಳಿ ಬೇಕೆಂದು ನೆರೆಯವರೂ ತಮ್ಮ ಆಡುಗಳನ್ನು ನಮ್ಮಲ್ಲಿಗೆ ಹೊಡೆದುಕೊಂಡು ಬಂದರು. ಆ ವ್ಯಾಪಾರಿ ಮತ್ತೆ ಬಂದಾಗ ಅಪ್ಪ, “ಯಾವುದ ಕೊಡೂದು ಅಂತ ಅವಳನ್ನೇ ಕೇಳಿ,” ಎಂದು ಪಕ್ಕಕ್ಕೆ ಸರಿದ.