ಬಿರುಕಿನ ಮೇಲಿನ ಗಾಜು

“ಗಾಜು ಆಕಿ ತಾನ ಒಡೀತಾಳ ನೋಡು,” ಎಂದ ಹಂಪಣ್ಣ. “ಒಡದು, ಅಣ್ಣಾ, ಗ್ವಾಡಿ ರಿಪೇರಿ ಮಾಡ್ಸಿಕೊಡು ಅಂತ ಬಾಗಲ ಮುಂದ ಬಂದು ನಿಂದರ್ತಾಳ.”

ಮಗಳು ಅಂಬಿಕಾ ಬಿಳಿ ಸಿಮೆಂಟು ಕಲಸಿದಳು. ರಾಯಚೂರಿನಲ್ಲಿ ಅವಳದು ಸಿವಿಲ್ ಎಂಜಿನಿಯರಿಂಗಿನ ಕೊನೆಯ ವರ್ಷ. ಓದುತ್ತಿದ್ದುದು ಎರೆಮಣ್ಣಿನ ಮೇಲೆ ನಿಲ್ಲುವ ಅಡಿಪಾಯಗಳ ಬಗ್ಗೆ. ಬೇಸಿಗೆಯಲ್ಲಿ ಆ ಮಣ್ಣು ಬಾಯಿ ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ ಗೋಡೆಯನ್ನೇ ಎತ್ತುತ್ತದೆ. ಅಂಥ ಮಣ್ಣಿನಲ್ಲೇ, ಮಾನ್ವಿಯ ಅಂಚಿಗೆ, ಅಪ್ಪ ಮೊಣಕಾಲುದ್ದ ಪಾಯ ತೋಡಿಸಿ ಬಾಡಿಗೆಗೆಂದು ಈ ಕೋಣೆ ಕಟ್ಟಿಸಿದ್ದ.

ಈಗ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು, ನೆಲದಿಂದ ಮಾಳಿಗೆಯವರೆಗೆ. ಮಾಳಿಗೆ ಹಾಸುಗಲ್ಲಿನದು. ಆ ಕಲ್ಲುಗಳ ತುದಿ ಗೋಡೆಯ ಮೇಲೆ ಕೂತದ್ದು ನಾಲ್ಕೇ ಬೆರಳು. ಗೋಡೆ ಅಷ್ಟು ವಾಲಿದರೆ ಸಾಕು.

ಬಾಡಿಗೆಗೆ ಇದ್ದವಳು ಮಹಬೂಬೀ. ತೀರಿಹೋದ ಗಂಡ ಗುಡುಸಾಬ ಫೋಟೋಗಳಿಗೆ ಕಟ್ಟು ಹಾಕುತ್ತಿದ್ದವ. ಎದುರು ಗೋಡೆಯ ತುಂಬ ಅವನ ಕೈಯ ಚೌಕಟ್ಟುಗಳು: ಮಕ್ಕಾ, ದರ್ಗಾ, ಮಗಳ ಮದುವೆ, ನಡುವೆ ಮೀಸೆ ತಿರುವಿದ ಅವನೇ. ಬಾಗಿಲು ತೆರೆದರೆ ಬೆಳಕು ಅವುಗಳ ಮೇಲೆ ಬಿದ್ದು ಕೋಣೆಯೆಲ್ಲ ಹೊಳೆಯುತ್ತಿತ್ತು.

ಅಂಬಿಕಾ ತಂದ ಗಾಜನ್ನು ಮಹಬೂಬೀ ಗಂಡ ಗಾಜು ಕೊಯ್ಯುತ್ತಿದ್ದ ವಜ್ರಮೊನೆಯ ಕಡ್ಡಿಯಿಂದಲೇ ಮೂರು ಬೆರಳಗಲದ ಪಟ್ಟಿ ಮಾಡಿಕೊಟ್ಟಳು.

“ಇದರಿಂದ ಏನಾಗ್ತದ ಬೇಟಿ?”

“ಬಿರುಕಿಗೆ ಅಡ್ಡ ಅಂಟಸ್ತೀನಿ ಖಾಲಾ. ಗ್ವಾಡಿ ಚೂರು ಸರದ್ರೂ ಗಾಜು ಒಡೀತದ. ಒಡದ್ರ ಆವತ್ತ ಖೋಲಿ ಖಾಲಿ ಮಾಡಬೇಕು. ಒಡೀಲಿಲ್ಲಂದ್ರ ಭಯ ಇಲ್ಲ.”

ಮಹಬೂಬೀ ಬಿರುಕನ್ನು ನೋಡಲಿಲ್ಲ. ಗಾಜನ್ನೇ ನೋಡಿದಳು.

“ಮಗಳು ಆತಿಯಾ ಹೆರಿಗಿಗೆ ಬರಾಕತ್ತಾಳ, ದೇವದುರ್ಗದಿಂದ. ಬಾಣಂತಿನ್ನ ಕಟಗೊಂಡು ಎಲ್ಲಿ ಅಂತ ಹೋಗ್ಲಿ? ನನಗ ಯಾರು ಖೋಲಿ ಕೊಡ್ತಾರ?”

“ಒಡದ್ರ ಅಂದೆ ಖಾಲಾ.”

“ಗಾಜು ಒಡಿಯೂದೇನು ದೊಡ್ಡ ಮಾತು? ನನ್ನ ಗಂಡ ಸೀನಿದ್ರ ಒಡೀತಿತ್ತು,” ಎಂದು ಮಹಬೂಬೀ ನಕ್ಕಳು.

ಗಾಜಿನ ಮೇಲೆ ತಾರೀಖು ಗೀಚಿಡಬೇಕೆಂದು ಕಾಲೇಜಿನ ಸರ್ ಹೇಳಿದ್ದರು. ಒಡೆದ ಗಾಜು ಕಣ್ಣಿಗೇ ಕಾಣುತ್ತದೆ, ತಾರೀಖೇಕೆ ಎಂದುಕೊಂಡಳು ಅಂಬಿಕಾ. ಪಟ್ಟಿಯನ್ನು ಬಿರುಕಿಗೆ ಅಡ್ಡ ಅಂಟಿಸಿ, ಉಳಿದ ಸಿಮೆಂಟು ಪುಡಿಯನ್ನು ಅಲ್ಲೇ ಗೋಡೆಯ ಗೂಡಿನಲ್ಲಿಟ್ಟು ಕೈ ತೊಳೆದಳು.

ಗೋಡೆಗೆ ಆನಿಕೆ ಕೊಡಲು ಹಂಪಣ್ಣ ಮರದ ಕಂಬಗಳನ್ನೇನೋ ತರಿಸಿಟ್ಟ. ಅನುಮಾನ ಮಾತ್ರ ಬಿಡಲಿಲ್ಲ. “ಗ್ವಾಡಿ ಒಡದದ್ದೋ, ಆಕಿ ಒಡದದ್ದೋ, ಹ್ಯಾಂಗ ಗೊತ್ತಾಗ್ತದ ಬೇ?”

“ಗೊತ್ತಾಗ್ತದ ಯಪ್ಪಾ. ಹೊಡದ್ರ ಚೂರಾಗ್ತದ. ಗ್ವಾಡಿ ಎಳದ್ರ ಬಿರುಕಿನ ಗುಂಟ ಸೀಳ್ತದ.”

ಮಳೆ ಹಿಡಿಯಿತು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಂಬಿಕಾ ಊರಿನಿಂದ ತಂದ ಎರೆಮಣ್ಣನ್ನು ಪುಡಿಮಾಡಿ ನೀರಿನ ಜಾಡಿಗೆ ಸುರಿದಿಟ್ಟಳು. ಮರುದಿನ ನೋಡಿದರೆ ಮಣ್ಣು ಎರಡರಷ್ಟಾಗಿ ಮೇಲೆದ್ದಿತ್ತು. ಒಂದು ಗುಳ್ಳೆಯಿಲ್ಲ, ಒಂದು ಸದ್ದಿಲ್ಲ. ಸದ್ದು ಮಾಡಿದ್ದರೆ ಅವಳು ಅಷ್ಟು ಹೆದರುತ್ತಿರಲಿಲ್ಲ.

ಭಾನುವಾರ ಮಾನ್ವಿಯ ಬಸ್ಸು ಹತ್ತಿದಳು. ಗಾಜು ಇಡಿಯಾಗಿತ್ತು.

ಮುಂದಿನ ವಾರ ಮಳೆ ಇನ್ನೂ ಜೋರು. ಅಂಗಳದ ಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತಿತ್ತು. ಗಾಜು ಇಡಿಯಾಗಿತ್ತು. ಅದರ ಸುತ್ತ, ಬಿರುಕಿನ ಉದ್ದಕ್ಕೂ, ಹೊಸ ಸುಣ್ಣ.

“ಮುಟ್ಟಬ್ಯಾಡ ಅಂದಿದ್ನೆಲ್ಲ ಖಾಲಾ!”

“ಕೂಸು ಬರೂ ಮನಿ, ಸುಣ್ಣ ಹಚ್ಚಿದೆ. ನಿನ್ನ ಗಾಜು ಏನರ ಒಡದದೇನು, ನೋಡ್ಕೋ.” ಮಹಬೂಬೀಯ ಬೆರಳಿಗೆ ಬಟ್ಟೆ ಸುತ್ತಿತ್ತು. ಕೇಳಿದರೆ, ಈಳಿಗಿ ಹತ್ತಿತು ಎಂದಳು.

ಅಂಬಿಕಾ ಪಟ್ಟಿಯ ತುದಿಯ ಸಿಮೆಂಟನ್ನು ಮುಟ್ಟಿದಳು. ತಣ್ಣಗಿತ್ತು, ಒದ್ದೆ. ಮಳೆಗಾಲ, ಯಾವುದು ಒದ್ದೆಯಲ್ಲ?

ಅವಳು ಮತ್ತೆ ಬರುವಷ್ಟರಲ್ಲಿ ಆತಿಯಾ ಹೆತ್ತಿದ್ದಳು. ಬಿರುಕಿನ ಗೋಡೆಯ ಬುಡದಲ್ಲೇ ಮಂಚ, ಮಂಚದ ಪಕ್ಕ ತೊಟ್ಟಿಲು. ತೊಟ್ಟಿಲ ಮೇಲೆ ಹಾಸುಗಲ್ಲು. ಅಂಬಿಕಾಳ ಕಣ್ಣು ಮೊದಲು ಹೋದದ್ದು ಗಾಜಿಗೆ. ಇಡಿಯಾಗಿತ್ತು.

ಬಾಗಿಲಲ್ಲಿ ನಿಂತ ಹಂಪಣ್ಣನ ಮುಖ ಅರಳಿತು. “ಇಷ್ಟು ಮಳಿ ಆತು, ಏನಾತು? ನಿನ್ನ ಕಾಲೇಜು ಸುಳ್ಳು, ನನ್ನ ಪಾಯ ಖರೆ!” ಕಂಬಗಳನ್ನು ಅಂದೇ ಗಾಡಿಗೆ ಹೇರಿಸಿ ಕಳಿಸಿಬಿಟ್ಟ.

ಅಂಬಿಕಾಳಿಗೂ ಎದೆಯ ಭಾರ ಇಳಿದಂತಾಯಿತು. ಜೊತೆಗೆ ನಾಚಿಕೆ. “ನೀನ ಒಡೀತಿ ಅಂತ ಅಪ್ಪ ಅಂತಿದ್ದ ಖಾಲಾ. ತಪ್ಪು ತಿಳೀಬ್ಯಾಡ.”

“ನಾ ಯಾಕ ಒಡೀಲಿ ಬೇಟಿ?” ಮಹಬೂಬೀ ತೊಟ್ಟಿಲು ತೂಗುತ್ತ ತಲೆ ಎತ್ತಲಿಲ್ಲ. “ಅದನ್ನ ಎಷ್ಟು ಜ್ವಾಕಿ ಮಾಡೀನಿ, ಅಲ್ಲಾಗ ಗೊತ್ತು.”

ಹೊರಗೆ ಮತ್ತೆ ಹನಿ ಶುರುವಾಯಿತು. ಬಾಗಿಲು ತೆರೆದೇ ಇತ್ತು, ಆದರೂ ಕೋಣೆ ಯಾಕೋ ಮಂಕು. ಎದುರು ಗೋಡೆಯಲ್ಲಿ ಎಂದಿನ ಹೊಳಪಿಲ್ಲ. ಮೋಡ ಕವಿದಿದೆ ಎಂದುಕೊಂಡಳು ಅಂಬಿಕಾ. ಕೂಸನ್ನು ಎತ್ತಿ ಎದೆಗೊತ್ತಿಕೊಂಡು ಗುಡುಸಾಬನ ಫೋಟೋದ ಹತ್ತಿರ ಒಯ್ದಳು.

“ನೋಡು, ನಿಮ್ಮಜ್ಜ. ಮೀಸಿ ನೋಡು.”

ಹಿಂದೆ ಮಹಬೂಬೀ ಇನ್ನೂ ತೂಗುತ್ತಿದ್ದ ಖಾಲಿ ತೊಟ್ಟಿಲಿನ ಕಿರುಗುಟ್ಟುವಿಕೆ ನಿಂತಿತು.

ಮೀಸೆಯ ಮೇಲೆ ಕೂತ ಧೂಳು ಒರೆಸಲು ಬೆರಳಿಟ್ಟಳು. ಬೆರಳಿಗೆ ಸಿಕ್ಕದ್ದು ಕಾಗದ. ಗಾಜು ಅವನ ಎದೆಯಿಂದ ಕೆಳಗೆ ಮಾತ್ರ ಉಳಿದಿತ್ತು, ನೆಟ್ಟಗೆ ಕೊಯ್ದ ಅಂಚಿನೊಂದಿಗೆ, ಮೂರು ಬೆರಳಗಲ, ಬಿರುಕಿನ ಮೇಲಿನ ಪಟ್ಟಿಯಷ್ಟೇ.

ಉಳಿದ ಚೌಕಟ್ಟುಗಳಲ್ಲಿ ಅದೂ ಇರಲಿಲ್ಲ.