ಹಳದಿ ಚೀಲ

ಬೇಲಿ ದಾಟುವಾಗ ಆರ್ವಿಡ್‌ನ ಪ್ಯಾಂಟು ಮೊಳೆಗೆ ಸಿಕ್ಕಿ ಪರ್ರನೆ ಹರಿಯಿತು. ಹರಿದರೆ ಹರಿಯಲಿ. ಚರ್ಚಿನ ಗಂಟೆ ಆಗಲೇ ನಿಂತಿತ್ತು. ಪಕ್ಕದ ಮನೆಯ ಲುವೆಲಾ ಈಗ ಅಲ್ಲಿ ಹಾಡುವವರ ಸಾಲಿನಲ್ಲಿ ನಿಂತು ದೇವರನ್ನು ಹೊಗಳುತ್ತಿರುತ್ತಾಳೆ. ಬೇಲಿಯ ಪಕ್ಕದಲ್ಲೇ ಅವಳು ಕೋಲು ನೆಟ್ಟು ತೂಗುಹಾಕಿದ್ದ ಹಳದಿ ಚೀಲವನ್ನು ಅವನು ಕೊಕ್ಕೆಸಮೇತ ಬಿಚ್ಚಿಕೊಂಡ. ಒಳಗೆ ಹುಳಗಳು ಬರಬರ ಸದ್ದು ಮಾಡಿದವು. ಬಹಳ ದಿನಗಳ ಮೇಲೆ ಅವನಿಗೆ ಮನಸ್ಸು ಹಗುರವಾಯಿತು.

ಅಯೋವಾದ ಆ ಸಣ್ಣ ಊರಿನಲ್ಲಿ ಗುಲಾಬಿ ಎಂದರೆ ಆರ್ವಿಡ್. ಜುಲೈ ಕೊನೆಯ ಜಿಲ್ಲಾ ಮೇಳದಲ್ಲಿ ಹೂವಿನ ಮೊದಲ ಬಹುಮಾನದ ನೀಲಿ ರಿಬ್ಬನ್ ವರ್ಷ ವರ್ಷವೂ ಅವನ ಮನೆಗೇ ಬರುತ್ತಿತ್ತು. ಹೋದ ವರ್ಷ ಬರಲಿಲ್ಲ. ಓಹಾಯೋದಿಂದ ನಿನ್ನೆ ಮೊನ್ನೆ ಬಂದ ಈ ವಿಧವೆ ಲುವೆಲಾ, ಆಳೆತ್ತರದ ಹಾಲಿಹಾಕ್ ಬೆಳೆದು ರಿಬ್ಬನ್ ಒಯ್ದಳು. ದಾಸವಾಳದ ಬಳಗದ ಹೂವು. ಅವಳ ಅಮ್ಮ ಸಾಯುವ ಮುಂಚೆ ಬೀಜ ಕಟ್ಟಿ ಕೊಟ್ಟಿದ್ದಂತೆ. ಆ ಬಣ್ಣ ಬೇರೆಲ್ಲೂ ಇಲ್ಲವಂತೆ.

ಈ ಮೇ ತಿಂಗಳಲ್ಲಿ ಆರ್ವಿಡ್ ಕಳೆನಾಶಕದ ಪಂಪು ಬೆನ್ನಿಗೇರಿಸಿಕೊಂಡು ಬೇಲಿಯುದ್ದಕ್ಕೂ ಓಡಾಡಿದ. ವಾರದೊಳಗೆ ಹಾಲಿಹಾಕ್ ಬೇರುಸಹಿತ ಸುಟ್ಟುಹೋಯಿತು. ಒಂದು ಗಿಡವೂ ಉಳಿಯಲಿಲ್ಲ.

"ಗಾಳಿ, ಲುವೆಲಾ," ಎಂದಿದ್ದ ಅವನು ತಲೆ ಕೆರೆದುಕೊಂಡು. "ಎತ್ತ ಬೀಸುತ್ತೋ ಯಾರಿಗೆ ಗೊತ್ತಾಗುತ್ತೆ?"

"ಬಿಡಿ ಆರ್ವಿಡ್. ಗಾಳಿ ಜೊತೆ ಜಗಳ ಆಡೋಕಾಗುತ್ತಾ?" ಎಂದು ಅವಳು ನಕ್ಕಿದ್ದಳು. ಮಾರನೆಯ ದಿನ ರೂಬಾರ್ಬ್ ಪೈ ಮಾಡಿ ತಂದೂ ಕೊಟ್ಟಿದ್ದಳು.

ಆರ್ವಿಡ್ ಅದನ್ನು ಮುಟ್ಟಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಅವನಿಗೂ ಗೊತ್ತಿತ್ತು. ಹೆಂಡತಿ ಕೊರಾ ಒಬ್ಬಳೇ ಅಷ್ಟನ್ನೂ ತಿಂದು, "ನೋಡು, ಇನ್ನೂ ಉಸಿರಾಡ್ತಿದ್ದೀನಿ," ಎಂದು ಹಂಗಿಸಿದಳು.

ಲುವೆಲಾಳ ಅಂಗಳ ಈ ಬೇಸಿಗೆ ಬೋಳಾಗಿರುತ್ತದೆ ಎಂದು ಅವನು ಲೆಕ್ಕ ಹಾಕಿದ್ದ. ಲೆಕ್ಕ ತಪ್ಪಿತು. ಹಾಲಿಹಾಕ್ ಇದ್ದ ಜಾಗದಲ್ಲಿ ನೀಲಿ ಲಾರ್ಕ್‌ಸ್ಪರ್ ತೆನೆ ತೆನೆಯಾಗಿ ಎದ್ದಿತು. ಬುಡದಲ್ಲಿ ಬಿಗೋನಿಯಾ, ಕರ್ಣಕುಂಡಲ. ಮೈಗೆ ಬೆಂಕಿ ಬಿದ್ದಂತಾಯಿತು ಆರ್ವಿಡ್‌ಗೆ.

ಅದರ ಮೇಲೆ ಜಪಾನಿ ದುಂಬಿ ಬೇರೆ. ತಾಮ್ರದ ಬೆನ್ನಿನ, ಉಗುರುಗಾತ್ರದ ಆ ಹುಳ ಈ ಊರು ಕಂಡದ್ದೇ ಹೋದ ಬೇಸಿಗೆಯಲ್ಲಿ. ಈ ಸಲ ಅವನ ಗುಲಾಬಿಯ ಮೇಲೆ ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡಿತು. ಅವಳ ತೋಟದಲ್ಲಿ ಒಂದು ಎಲೆಗೂ ತೂತಿಲ್ಲ. ಯಾಕೆಂದು ಇಣುಕಿ ನೋಡಿದರೆ, ಹಳದಿ ಚೀಲ. ಹುಳ ಹಾರಿ ಹಾರಿ ಬಂದು ಅದರೊಳಗೆ ಬೀಳುತ್ತಿತ್ತು.

ಅಂಥದೊಂದು ಅಂಗಡಿಯಲ್ಲೂ ಸಿಗುತ್ತಿತ್ತು. ಕೊಂಡಿದ್ದರೆ ತನ್ನ ಗುಲಾಬಿ ಉಳಿಯುತ್ತಿತ್ತು, ನಿಜ. ಆದರೆ ಅವಳ ತೋಟ ಹಾಳಾಗುತ್ತಿರಲಿಲ್ಲವಲ್ಲ!

ಚೀಲವನ್ನು ಅವನು ಗುಲಾಬಿಗಳ ನಟ್ಟನಡುವೆ, ಆಚೆಗೆ ಕಾಣದಂತೆ ನೇತುಹಾಕಿದ. ಕೊರಾ ಚರ್ಚಿನಿಂದ ಬಂದು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಹೊಟ್ಟೆನೋವು ಅಂದ್ಯಲ್ಲ. ಪ್ಯಾಂಟಿಗೂ ಬಂತಾ?"

"ಹೋಗೇ ಸುಮ್ಮನೆ."

"ಲುವೆಲಾ ನಿನ್ನ ವಿಚಾರಿಸಿದಳು. ಮನೇಲೇ ಉಳಿದಿದ್ದಾನೆ ಅಂದೆ. 'ಒಳ್ಳೇದಾಯ್ತು' ಅಂದಳು. ಪಾಪ, ಬಾಯ್ತಪ್ಪಿ ಬಂದಿರಬೇಕು."

ಮಂಗಳವಾರದ ಹೊತ್ತಿಗೆ ಚೀಲ ತುಂಬಿತು. ಆರ್ವಿಡ್ ಅದನ್ನು ಸೋಪಿನ ನೀರಿಗೆ ಸುರಿದು ಮತ್ತೆ ಕಟ್ಟಿದ. ಮತ್ತೆ ತುಂಬಿತು. ಎಷ್ಟು ಹಿಡಿದೆ ಎಂದು ಬೀಗಿದ. ಗುರುವಾರ ಬೆಳಿಗ್ಗೆ ನೋಡಿದರೆ ಕೆಂಪು ಗುಲಾಬಿಯ ಒಂದೊಂದು ಮೊಗ್ಗಿಗೂ ಹುಳಗಳು ಮುತ್ತಿಕೊಂಡಿದ್ದವು. ಕೈಯಿಂದ ಕೊಡವಿದ. ಔಷಧಿ ಹೊಡೆದ. ಸತ್ತಷ್ಟಕ್ಕಿಂತ ಹೆಚ್ಚು ಬಂದವು. ಎಲೆಗಳು ಜರಡಿಯಾದವು, ಹೂವಿನ ಜಾಗದಲ್ಲಿ ಕಂದು ಮುದ್ದೆಗಳು ಉಳಿದವು. ಮೇಳಕ್ಕೆ ಹಿಡಿದುಕೊಂಡು ಹೋಗಲು ನೆಟ್ಟಗಿರುವ ಒಂದೇ ಒಂದು ಹೂವಿರಲಿಲ್ಲ. ಆರ್ವಿಡ್ ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತೇಬಿಟ್ಟ.

ಆದರೂ ಒಂದು ಸಮಾಧಾನ ಬೇಕಲ್ಲ, ಅವಳ ತೋಟವೂ ಹಾಳಾಗಿರಬೇಕು. ಎದ್ದು ಬೇಲಿಯ ಹತ್ತಿರ ಹೋದ. ಆಚೆ ಲುವೆಲಾ ಮೇಳಕ್ಕೆಂದು ಲಾರ್ಕ್‌ಸ್ಪರ್ ಕತ್ತರಿಸುತ್ತಿದ್ದಳು. ಒಂದು ದಳಕ್ಕೂ ಪೆಟ್ಟು ಬಿದ್ದಿರಲಿಲ್ಲ.

"ನಿಮ್ಮ ಗಿಡಕ್ಕೆ ಹುಳ ಬೀಳಲಿಲ್ವಾ?" ಎಂದು ಕೇಳಿದ.

"ಇದನ್ನೆಲ್ಲ ಅವು ಮೂಸಿಯೂ ನೋಡಲ್ಲ ಆರ್ವಿಡ್. ಓಹಾಯೋದಲ್ಲಿ ಹುಟ್ಟಿದಾಗಿನಿಂದ ಆ ಹುಳದ ಜೊತೇಲೇ ಬೆಳೆದವಳು ನಾನು. ಅವು ತಿನ್ನೋ ಗಿಡ ಈ ವರ್ಷ ಒಂದೂ ಹಾಕಿಲ್ಲ."

"ಹಾಗಾದ್ರೆ ಆ ಚೀಲ ಯಾಕೆ..." ಎಂದವನು ನಾಲಿಗೆ ಕಚ್ಚಿಕೊಂಡ.

"ಯಾವ ಚೀಲ? ಓ, ಅದಾ! ಗಾಳಿ ಹೊತ್ಕೊಂಡು ಹೋಯ್ತು ಅಂದ್ಕೊಂಡಿದ್ದೆ." ಅವಳು ಕತ್ತರಿ ಒರೆಸಿಕೊಂಡಳು. "ಅದರಲ್ಲಿ ಹೆಣ್ಣುಹುಳದ ವಾಸನೆ ಇಟ್ಟಿರ್ತಾರೆ. ಊರಾಚೆಯ ಹುಳವೂ ಹುಡುಕಿಕೊಂಡು ಬರುತ್ತೆ. ಚೀಲದೊಳಗೆ ಬೀಳೋದು ಸ್ವಲ್ಪ. ಉಳಿದದ್ದು ಪಕ್ಕದಲ್ಲಿರೋದನ್ನ ತಿನ್ನುತ್ತೆ. ಗುಲಾಬಿ ಅಂದ್ರೆ ಪ್ರಾಣ. ಅದಕ್ಕಿಂತ ಪ್ರಾಣ ಹಾಲಿಹಾಕ್."

ಹೂಗಳನ್ನು ಬುಟ್ಟಿಗೆ ಹಾಕಿಕೊಂಡು ಅವಳು ಮೇ ತಿಂಗಳಲ್ಲಿ ನಕ್ಕಂತೆಯೇ ನಕ್ಕಳು.

"ನಮ್ಮಮ್ಮನ ಗಿಡ ಒಂದೇ ಒಂದು ಉಳಿದಿದ್ದರೂ, ಆರ್ವಿಡ್, ಆ ಚೀಲನ ನಿಮ್ಮ ಕೈಗೆ ಸಿಗೋ ಹಾಗೆ ನೇತುಹಾಕೋ ಧೈರ್ಯ ನಂಗೆ ಬರ್ತಿರಲಿಲ್ಲ."